ಹುಡುಕಿದರೆ ನೀನೊಬ್ಬನೇ ಸಿಗಬೇಕು

"ಈ ಕುರ್ಚಿ ಮೊದಲಿಂದಾನೂ ಕಪ್ಪೇ," ಎಂದ ಅವನು.

"ಅಲ್ಲ. ಕಂದು ಬಣ್ಣ ಇತ್ತು," ಎಂದಳು ಅವಳು.

ಕೆಲಸಕ್ಕೆ ಸೇರಿದ ಮೊದಲ ದಿನವೇ ಹೊಸ ಪಾಲಿಶ್‌ನವನು ಅಂಗಡಿಯ ಲೆಕ್ಕ ನೋಡುವವಳ ಜೊತೆ ವಾದಕ್ಕೆ ನಿಂತಿದ್ದ. ಗಿರಾಕಿಯ ತಾತನ ಕಾಲದ ಕುರ್ಚಿ ಅವನ ಕೈಯಲ್ಲಿ ಕರಿ ಇದ್ದಿಲಾಗಿತ್ತು. ಇನ್ನೇನು ಆ ಗಿರಾಕಿ ಬರುವ ಹೊತ್ತು.

ಅವಳು ಮಾತು ಬೆಳೆಸಲಿಲ್ಲ. ಫೋನ್ ತೆಗೆದು 'ತಾತ ಕುರ್ಚಿ' ಎಂದು ಒತ್ತಿದಳು. ಕುರ್ಚಿ ಅಂಗಡಿಗೆ ಬಂದ ದಿನದ ಫೋಟೊ ತೆರೆಯಿತು. ಅದನ್ನು ಅವನ ಮೂಗಿನ ಮುಂದೆ ಹಿಡಿದಳು. ಅಚ್ಚ ಕಂದು.

ಇನ್ನು ಇವನು ಕೂಗಾಡುತ್ತಾನೆ ಎಂದುಕೊಂಡಳು. ಅವನು ಫೋಟೊ ನೋಡಿದ, ಅವಳನ್ನು ನೋಡಿದ, ನಕ್ಕುಬಿಟ್ಟ.

"ತಪ್ಪು ನನ್ನದೇ. ಆದ್ರೆ ನಾನು ಸೋತಿದ್ದು ನಿಮ್ಮ ಫೋನಿಗೆ, ನಿಮಗಲ್ಲ."

ಉಪ್ಪುಕಾಗದ ಹಿಡಿದು ಉಜ್ಜಲು ಕೂತೇಬಿಟ್ಟ. ತಪ್ಪು ಒಪ್ಪಿಕೊಂಡು ನಗುವ ಗಂಡಸನ್ನು ಅವಳು ಆ ಅಂಗಡಿಯಲ್ಲಿ ಅದುವರೆಗೆ ಕಂಡಿರಲಿಲ್ಲ. ಎದೆಯೊಳಗೆ ಏನೋ ಸಣ್ಣಗೆ ಅಲುಗಿತು... ಅದಕ್ಕೆ ಹೆಸರಿಡುವ ಗೋಜಿಗೆ ಹೋಗಲಿಲ್ಲ.

ಹಳೆಯ ಪೀಠೋಪಕರಣ ರಿಪೇರಿಯ ಆ ಅಂಗಡಿ ಅವಳ ಸೋದರಮಾವನದು. ಮಾವನ ಮರೆವು ಊರಿಗೇ ಗೊತ್ತು. ಕನ್ನಡಕ ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುವ ಮನುಷ್ಯ. ಅದಕ್ಕೇ ಅವಳು ದುಡ್ಡು ಕೊಡಬೇಕಿಲ್ಲದ ಒಂದು ಮೇಲ್ ಖಾತೆ ತೆರೆದು, ಎಲ್ಲವನ್ನೂ ತನಗೆ ತಾನೇ ಕಳಿಸಿಕೊಳ್ಳುತ್ತಿದ್ದಳು. ಕುರ್ಚಿಯ ಫೋಟೊ, ಸೋಫಾ ಬಟ್ಟೆಯ ಬಣ್ಣ, ಅಮ್ಮನ ಕಣ್ಣಿನ ಪವರ್, ಬೀಗದ ಇನ್ನೊಂದು ಕೈ ಎಲ್ಲಿದೆ ಎಂಬುದು. ಮೇಲಿನ ಸಾಲಿನಲ್ಲಿ ನೆನಪಿಗೆ ಬರುವಂಥ ಒಂದು ಮಾತು ಬರೆದರೆ ಆಯಿತು, ಬೇಕಾದಾಗ ಅದೇ ಮಾತು ಒತ್ತಿದರೆ ಸಾಮಾನು ಹಾಜರ್.

"ತಾನೇ ಬರೆದು ತಾನೇ ಓದೋ ಅಂಚೆಯಮ್ಮ," ಎಂದು ಮಾವ ಗೇಲಿ ಮಾಡುತ್ತಿದ್ದ. ಸಾಮಾನು ಕಳೆದಾಗ ಮಾತ್ರ ಅದೇ ಅಂಚೆಯಮ್ಮನ ಮುಂದೆ ಬಂದು ನಿಲ್ಲುತ್ತಿದ್ದ.

ಬರಬರುತ್ತಾ ಆ ಖಾತೆಗೆ ಬೇರೆ ಸರಕೂ ಸೇರತೊಡಗಿತು. ಪಾಲಿಶ್‌ನವನು ಮಿಂಚಿಸಿದ ಕಪಾಟಿನ ಬಾಗಿಲು. ಅದರ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದ ಅವನು. ಅಂಗಡಿಯ ಬೆಕ್ಕಿಗೆ ಅವನು ಬುದ್ಧಿ ಹೇಳುತ್ತಿದ್ದ ದನಿ. ಎಲ್ಲ ಅಂಗಡಿಯ ದಾಖಲೆಗೆ ಎಂದು ತನಗೇ ಸುಳ್ಳು ಹೇಳಿಕೊಂಡಳು. ಬೆಕ್ಕಿಗೆ ಹೇಳಿದ ಬುದ್ಧಿ ಯಾವ ಲೆಕ್ಕಕ್ಕೆ ಬೇಕೋ ದೇವರೇ ಬಲ್ಲ.

ಒಂದು ಮಧ್ಯಾಹ್ನ ಅವನು ಉಂಡು, ಅರ್ಧ ರಿಪೇರಿಯಾದ ಸೋಫಾದ ಮೇಲೆ ಬಾಯಿ ತೆರೆದು ಮಲಗಿದ್ದ. ಅವಳು ಮೆಲ್ಲಗೆ ಫೋಟೊ ತೆಗೆದಳು. ಸ್ವಲ್ಪ ಹೊತ್ತಿಗೆ ಅವನು ಎದ್ದು ಇಬ್ಬರಿಗೂ ಟೀ ತಂದ. ಅವಳು ಬೆನ್ನು ಹಾಕಿ ಕೂತು ಆ ಫೋಟೊವನ್ನು ಮೇಲ್ ಮಾಡುತ್ತಿದ್ದಳು. ಹಿಂದೆ ನಿಂತವನಿಗೆ ತನ್ನ ಮುಖವೂ, ಅದರ ಮೇಲೆ ಅವಳು ಬರೆದ ಒಂದೇ ಪದವೂ ಕಂಡವು.

ಕತ್ತೆ.

ಟೀ ಲೋಟ ಮೇಜಿನ ಮೇಲಿಟ್ಟು ಹೊರಟುಹೋದ. ಅವಳಿಗೆ ಅವನು ಬಂದದ್ದೂ ತಿಳಿಯಲಿಲ್ಲ.

ಮರುದಿನದಿಂದ ಅವನು ಅವಳನ್ನು 'ಮೇಡಂ' ಎನ್ನತೊಡಗಿದ. ನಗುವಿಲ್ಲ, ವಾದವಿಲ್ಲ. ತಾನೇನು ಮಾಡಿದೆ ಎಂದು ಅವಳು ಒಳಗೊಳಗೇ ಬೆಂದಳು, ಕೇಳಲು ಮಾತ್ರ ಬಿಗುಮಾನ ಬಿಡಲಿಲ್ಲ. ಆ ವಾರ ಕಳೆಯುವಷ್ಟರಲ್ಲಿ ಒಂದು ದಿನ ಅವನು ಕೆಲಸಕ್ಕೇ ಬರಲಿಲ್ಲ.

ಮಾವ ವಿಷಯ ಬಿಚ್ಚಿದ. ಬಂದರಿನಲ್ಲಿ ಹಡಗಿನ ಕೋಣೆಗಳ ಪಾಲಿಶ್ ಕೆಲಸಕ್ಕೆ ಅವನನ್ನು ಎಷ್ಟೋ ಸಲ ಕರೆದಿದ್ದರಂತೆ, ಒಲ್ಲೆ ಎನ್ನುತ್ತಿದ್ದವನು ಈಗ ಹೂಂ ಎಂದಿದ್ದಾನಂತೆ. ಸಂಜೆಯ ಬಸ್ಸಿಗೆ ಹೊರಡುತ್ತಾನೆ.

"ಯಾಕಂತೆ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಅವನಪ್ಪ ಅವನನ್ನ ಹೆಸರು ಹಿಡಿದು ಕರೆದೋನೇ ಅಲ್ವಂತೆ. ಬೆಳಗಾದ್ರೆ ಕತ್ತೆ, ಕತ್ತೆ. ಆ ಮಾತು ಕೇಳಲಾರದೆ ಮನೆ ಬಿಟ್ಟು ಬಂದ ಹುಡುಗ. ಇಲ್ಲೂ ಅದೇ ಕಂಡಿತಂತೆ, ಅದೂ ನಿನ್ನ ಫೋನಲ್ಲಿ. ಏನು ಬರೆದ್ಯೇ ಪುಣ್ಯಾತ್ಗಿತ್ತಿ?"

ಅಯ್ಯೋ... ಅದನ್ನು ನೋಡಿಬಿಟ್ಟನೇ? ಗಲ್ಲಾಪೆಟ್ಟಿಗೆಗೆ ಬೀಗ ಹಾಕುವುದನ್ನೂ ಮರೆತು ಓಡಿದಳು.

ಸೈಕಲ್ ಅಂಗಡಿಯ ಮಾಳಿಗೆಯಲ್ಲಿ ಅವನ ಕೋಣೆ. ಬಾಗಿಲು ತೆರೆದೇ ಇತ್ತು. ಪಾಲಿಶ್ ಬಾಟಲಿಗಳನ್ನು ಹಳೆ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ತುಂಬುತ್ತಿದ್ದ. ಅವಳನ್ನು ಕಂಡು, ಬನ್ನಿ ಮೇಡಂ ಎಂದ, ಅಷ್ಟೇ.

ಅವಳು ಏದುಸಿರು ಬಿಡುತ್ತಲೇ ಫೋನ್ ತೆಗೆದಳು. 'ಪಾಲಿಶ್' ಎಂದು ಒತ್ತಿ ತೋರಿಸಿದಳು. ಬೆರಳು ಸರಿಸಿದಷ್ಟೂ ಮುಗಿಯದ ಮೇಲ್‌ಗಳು.

"ನೋಡಿ, ಇದರಲ್ಲಿ ನಿಮ್ಮನ್ನ ಎಲ್ಲಿ ಅಂತ ಹುಡುಕಲಿ? ನಿಮ್ಮ ಹೆಸರು ಬರೆದ್ರೆ ಸಂಬಳ, ರಜೆ, ಬಣ್ಣದ ಡಬ್ಬಿ, ಎಲ್ಲ ಬರುತ್ತೆ. ಚಿನ್ನ ಅಂತ ಬರೆದು ನೋಡಿದೆ, ಚಿನ್ನದ ಬಣ್ಣದ ಕನ್ನಡಿ ಚೌಕಟ್ಟುಗಳು ಬಂದು ಕೂತವು. ಮುತ್ತು ಅಂದ್ರೆ ದಿಂಬಿನ ಗುಂಡಿಗಳು. ಅಂಗಡಿಯಲ್ಲಿ ಯಾರೂ ಎಂದೂ ಬರೆಯದ ಪದ ಬೇಕಿತ್ತು. ಹುಡುಕಿದ್ರೆ ನೀವೊಬ್ಬರೇ ಸಿಗಬೇಕಿತ್ತು, ಅದಕ್ಕೆ..."

ಬಾಟಲಿ ಸುತ್ತುತ್ತಿದ್ದ ಅವನ ಕೈ ನಿಂತಿತು.

"ಮೊದಲು ಚಿನ್ನ ಅಂತ ಬರೆದ್ರಾ?"

ಅವಳು ನಾಲಿಗೆ ಕಚ್ಚಿಕೊಂಡಳು. ಆಡಿದ ಮಾತು ಹೊರಗೆ ಬಿದ್ದಾಗಿತ್ತು. ಸುಳ್ಳು ಹೇಳಿ ಮಾನ ಉಳಿಸಿಕೊಳ್ಳಬಹುದಿತ್ತು, ಆದರೆ ಸಂಜೆಗೆ ಬಸ್ಸು ಹೊರಡುತ್ತಿತ್ತು.

"ಹೂಂ. ಬರೆದೆ." ಕಣ್ಣು ತುಂಬಿ ಬಂತು. "ಆ ಪದ ನಿಮಗೆ ಇಷ್ಟು ಚುಚ್ಚುತ್ತೆ ಅಂತ ಗೊತ್ತಿರಲಿಲ್ಲ. ತಪ್ಪಾಯ್ತು. ಇವತ್ತೇ ಎಲ್ಲ ಬದಲಾಯಿಸ್ತೀನಿ."

ಅವನು ಮಂಚದ ಅಂಚಿಗೆ ಕೂತ. ಕೆಳಗೆ ಯಾರೋ ಸೈಕಲ್ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು.

"ಅಪ್ಪ ಆ ಮಾತು ಅಂದಾಗೆಲ್ಲ, ನಾನು ಕಣ್ಣಿಗೆ ಬೀಳದಿದ್ರೆ ಸಾಕು ಅಂತಿತ್ತು ಅವರಿಗೆ," ಎಂದ ಕೊನೆಗೆ. "ನನ್ನನ್ನ ಹುಡುಕೋಕೆ ಅಂತ ಯಾರೂ ಆ ಮಾತು ಅಂದಿರಲಿಲ್ಲ. ಒಂದ್ಸಲ ಬಾಯಿ ಬಿಟ್ಟು ಕರೀರಿ. ನೋಯುತ್ತಾ ನೋಡ್ತೀನಿ."

ಕರೆಯಲಾರೆ ಎಂದು ತಲೆಯಾಡಿಸಿದಳು. ಅವನು ಕಾದ.

"ಏ ಕತ್ತೆ... ಹೋಗಬೇಡ ಕಣೋ."

ಇಷ್ಟು ದಿನದ ಬನ್ನಿ, ಹೋಗಿ ಎಲ್ಲ ಒಮ್ಮೆಲೇ ಕಳಚಿಬಿದ್ದಿತ್ತು. ಇಬ್ಬರಿಗೂ ಅದು ತಿಳಿಯಿತು. ಅವಳ ಮುಖ ಕೆಂಪಾಯಿತು.

"ನೋವಾಯ್ತಾ?" ಎಂದಳು ಅಂಜುತ್ತಾ.

"ಇಲ್ಲ." ಅವನು ತೋಳಿನಿಂದ ಕಣ್ಣೊರೆಸಿಕೊಂಡ. "ಇನ್ನೊಂದ್ಸಲ ಕರಿಯೇ."

ಕರೆದಳು. ಅವನು ಅವಳ ಕೈ ಹಿಡಿದುಕೊಂಡೇ ಬಂದರಿನವರಿಗೆ ಫೋನ್ ಮಾಡಿದ. ಕೊಟ್ಟ ಮಾತಿಗೆ ತಪ್ಪುತ್ತಿದ್ದೇನೆ, ಕ್ಷಮಿಸಿ, ಬೇರೆ ಒಳ್ಳೆಯ ಕೆಲಸದವನನ್ನು ನಾನೇ ಹುಡುಕಿ ಕಳಿಸುತ್ತೇನೆ ಎಂದ. ಆ ಕಡೆಯವರು ಕಾರಣ ಕೇಳಿರಬೇಕು. ಅವನು ಅವಳ ಕಡೆ ನೋಡಿದ.

"ಇಲ್ಲೊಬ್ಬರಿಗೆ ನಾನು ಬೇಕಂತೆ ಸಾರ್."

ಫೋನ್ ಇಟ್ಟ ಮೇಲೆ ಅವಳು ಮೆಲ್ಲಗೆ ತಿದ್ದಿದಳು.

"ಬೇಕಂತೆ ಅಲ್ಲ. ಬೇಕು."