ಒಳಗಿನ ಬೀಗ

ಗೋದಾಮಿನ ಸೆಕ್ಯೂರಿಟಿ ಕೆಲಸಕ್ಕೆ ಸೇರಿದಾಗ ಸೂಪರ್‌ವೈಸರ್ ನನಗೆ ಹೇಳಿಕೊಟ್ಟದ್ದು ಇಷ್ಟೇ. "ಬೀಗ ಹಾಕೋ ಮುಂಚೆ ಬಾಗಿಲಲ್ಲಿ ನಿಂತು ಕೂಗು. ಉತ್ತರ ಬರದಿದ್ರೆ ಬೀಗ ಹಾಕು. ಹೊಸ್ತಿಲು ದಾಟೋದು ನಿನ್ನ ಕೆಲಸ ಅಲ್ಲ." ಅವರೂ ಮೊದಲು ಅದೇ ಬಾಗಿಲು ಕಾದವರು.

ರಜೆಯ ಹಿಂದಿನ ಮಧ್ಯಾಹ್ನ. ಬಟ್ಟೆಯ ಮೂಟೆ ಹೊರುವವರೆಲ್ಲ ಬೇಗ ಮನೆಗೆ ಹೋಗಿದ್ದರು. ಹೊರಗೆ ಬಿಸಿಲು ಸುಡುತ್ತಿದ್ದರೂ ಹಿಂದಿನ ಕೋಣೆಯ ಬಾಗಿಲು ಮಾತ್ರ ನೀರಿನ ಹೂಜಿಯ ಹಾಗೆ ತಣ್ಣಗಿತ್ತು. ಆ ಕೋಣೆಗೆ ಕಿಟಕಿಯಿಲ್ಲ, ಬೇರೆ ಬಾಗಿಲೂ ಇಲ್ಲ.

"ಒಳಗೆ ಯಾರಾದ್ರೂ ಇದ್ದೀರಾ?" ಎಂದು ಕೂಗಿದೆ.

ಮೂಟೆಗಳ ಹಿಂದಿನಿಂದ, ದಿನವೂ ಕೂಗಿ ಬೇಸತ್ತವನ ದನಿಯಲ್ಲಿ ಯಾರೋ ಕೇಳಿದರು.

"ಹೊರಗೆ ಯಾರಾದ್ರೂ ಇದ್ದೀರಾ?"

ನಾನು ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಮಾತು ಹೊರಡಲಿಲ್ಲ. ಆ ದನಿ ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು, ಒಳಗೆ ಚಿಲಕ ಬಿದ್ದ ಸದ್ದಾಯಿತು. ನಾನು ಹಾಕಬೇಕಿದ್ದ ಬೀಗ ಇನ್ನೂ ನನ್ನ ಕೈಯಲ್ಲೇ ಇತ್ತು.

ಸೂಪರ್‌ವೈಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ನನ್ನನ್ನು ಗದರಲಿಲ್ಲ, ನಗಲೂ ಇಲ್ಲ.

"ನೀನು ಉತ್ತರ ಕೊಟ್ಯಾ?"

"ಇಲ್ಲ ಸರ್."

"ಕೊಡ್ಬೇಕಿತ್ತು ಕಣಪ್ಪಾ," ಎಂದು ಫೋನ್ ಇಟ್ಟರು.

ರಜೆ ಮುಗಿದ ಮೇಲೆ ಬಡಗಿಯನ್ನು ಕರೆಸಿ ಬಾಗಿಲನ್ನು ಚೌಕಟ್ಟಿನಿಂದ ಕೀಳಿಸಿದರು. ಮೂಟೆಗಳನ್ನೆಲ್ಲ ಸರಿಸಿ ನೋಡಿದೆವು, ಒಳಗೆ ಯಾರೂ ಇರಲಿಲ್ಲ. ಒಳಗಿನ ಚಿಲಕಕ್ಕೆ ಒಂದು ಬೀಗ ಹಾಕಿತ್ತು.

ಸೂಪರ್‌ವೈಸರ್ ನನ್ನ ಕೀಲಿಗೊಂಚಲಿಗೆ ಕೈಚಾಚಿದರು. ಆ ಬೀಗ ನನ್ನ ಕೀಲಿಯಿಂದಲೇ ತೆರೆಯಿತು.