ಹಿತ್ತಿಲ ಅಣ್ಣೆ ಹೂ

"ನಿಮ್ಮ ಕೈ ಸುಮ್ಮನಿರಲ್ವಾ?"

ಹೆಣ್ಣು ನೋಡಲು ಬಂದ ಗಂಡಿಗೆ ಶ್ಯಾಮಲ ಆಡಿದ ಮೊದಲ ಮಾತು ಇದು. ತಲೆ ತಗ್ಗಿಸಿ ಕಾಫಿ ತರಬೇಕಾದವಳು ಹಿತ್ತಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ತಪ್ಪು ಅವನದೇ ಬಿಡಿ. ಹುತ್ತೂರಿನ ಕದಿರೇಶ ಲಕ್ಕೂರಿಗೆ ಬಂದಿಳಿದು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದ. ಬೇಲಿಯುದ್ದಕ್ಕೂ ಅಣ್ಣೆ, ತುಂಬೆ ಗಿಡಗಳು ಹೂ ಬಿಟ್ಟು ಬೆಳೆದಿದ್ದವು. ರಾಗಿ ಹೊಲದಲ್ಲಿ ಚಿಕ್ಕಂದಿನಿಂದ ಕಳೆ ಕಿತ್ತ ಕೈ ಅದು, ಕೇಳಬೇಕೆ? ಮಾವನಾಗುವವನಿಗೆ ಒಂದು ಉಪಕಾರವಾಗಲಿ ಎಂದು ಅರ್ಧ ಪಾತಿ ಕಿತ್ತು ಗುಡ್ಡೆ ಹಾಕಿದ್ದ!

"ಕಳೆ ಅಂದ್ಕೊಂಡೆ ಕಣ್ರೀ..."

"ಕಳೆಯಲ್ಲ, ನಾನು ಬೆಳೆಸಿದ್ದು. ಊರ ಮುಂದಿನ ಬಯಲಿಗೆ ನೀಲಗಿರಿ ಹಾಕಿದ್ಮೇಲೆ ಈ ಹೂಗಳು ಎಲ್ಲೂ ಸಿಗ್ತಿಲ್ಲ. ಒಂದೊಂದೇ ಬೀಜ ಆರಿಸಿ ತಂದಿದ್ದೆ. ಹೂವನ್ನೇ ನೋಡೋಕೆ ಬರದೋರು ನನ್ನನ್ನೇನು ನೋಡ್ತೀರ?"

ಅವನ ಕಿವಿ ಕೆಂಪಾದವು. ಕಿತ್ತ ಗಿಡಗಳನ್ನು ಟವಲಿನಲ್ಲಿ ಕಟ್ಟಿ ಸೈಕಲ್ಲಿಗೆ ಸಿಕ್ಕಿಸಿಕೊಂಡ. ಶ್ಯಾಮಲಳ ಅಮ್ಮ ರಾಮಲಕ್ಷ್ಮಮ್ಮ ಊಟಕ್ಕೆ ಕರೆದರೂ ನಿಲ್ಲಲಿಲ್ಲ. ಸಂಬಂಧ ಒಪ್ಪಿಗೆಯಾಗುವವರೆಗೆ ಗಂಡಿನವರು ಹೆಣ್ಣಿನ ಮನೆಯಲ್ಲಿ ಊಟ ಮಾಡುವ ಪದ್ಧತಿಯಿಲ್ಲ.

'ನನ್ನ ಹೂಗಳನ್ನು ದನಕ್ಕೆ ಹಾಕ್ತಾನೆ...' ಶ್ಯಾಮಲಳ ಕಣ್ಣು ತುಂಬಿತು.

ಆದರೆ ಸಿಟ್ಟು ಎರಡು ದಿನವೂ ನಿಲ್ಲಲಿಲ್ಲ. ಆ ಕೆಂಪು ಕಿವಿಗಳು ನೆನಪಾದಾಗಲೆಲ್ಲ ನಗು ಬರುತ್ತಿತ್ತು. ಎದುರು ಮಾತಾಡದೆ ಬೈಸಿಕೊಂಡ ಗಂಡಸನ್ನು ಅವಳು ನೋಡಿದ್ದು ಅದೇ ಮೊದಲು. ದಿನಾ ಬಾಗಿಲ ಕಡೆ ಕಣ್ಣು. ಮೂರು ವಾರವಾದರೂ ಹುತ್ತೂರಿನಿಂದ ಸುದ್ದಿಯಿಲ್ಲ.

"ಅವರಿಗೆ ಇಷ್ಟ ಆಗಿಲ್ಲ ಅನ್ಸುತ್ತಮ್ಮಾ," ಎಂದರು ಅಪ್ಪ ಚನ್ನರಾಯಪ್ಪ. "ನಾಳೆ ಮುಳಬಾಗಿಲಿನೋರು ನೋಡೋಕೆ ಬರ್ತಾರೆ."

'ಬಂದ ಭಾಗ್ಯಾನ ನಾನೇ ಬೈದು ಓಡಿಸಿಬಿಟ್ನಾ?' ಅವಳು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಅಷ್ಟರಲ್ಲಿ ಹೊರಗೆ ಸೈಕಲ್ ಬೆಲ್ಲು!

ಕದಿರೇಶ ನಿಂತಿದ್ದ. ಕೈಯಲ್ಲಿ ರೇಷ್ಮೆ ಹುಳು ಸಾಕುವ ಹಳೆಯ ಬಿದಿರು ತಟ್ಟೆ. ಅದರ ತುಂಬ ಗೊಬ್ಬರದ ಮಣ್ಣು, ಮಣ್ಣಿನ ಮೇಲೆ ಬೆರಳುದ್ದದ ಹಸಿರು ಸಸಿಗಳು.

"ಅವತ್ತು ಕಿತ್ತ ಗಿಡಗಳದ್ದೇ ಬೀಜ. ಒದರಿ, ಒಣಗಿಸಿ ಹಾಕ್ದೆ. ಬರಿಗೈಲಿ ಬರೋಕೆ ಮುಖ ಇರ್ಲಿಲ್ಲ, ಮೊಳಕೆ ಬರ್ಲಿ ಅಂತ ಕಾದೆ."

"ಒಂದು ಮಾತು ಹೇಳಿ ಕಳಿಸೋಕೂ ಆಗ್ಲಿಲ್ವಾ? ಜೀವ ಹೋದಂಗಾಗಿತ್ತು ನನಗೆ..." ಅಂದವಳೇ ಅವಳು ತುಟಿ ಕಚ್ಚಿಕೊಂಡಳು.

ಅವನ ಕಿವಿ ಮತ್ತೆ ಕೆಂಪಾದವು. "ಅರ್ಧ ಸಸಿ ಇಲ್ಲಿಗೆ. ಇನ್ನರ್ಧ ನಮ್ಮ ಹಿತ್ತಿಲಲ್ಲಿ ನೆಟ್ಟಿದೀನಿ. ಅಲ್ಲಿ ನೋಡ್ಕೊಳ್ಳೋಕೆ ಒಬ್ಬರು ಬೇಕು, ನನಗಂತೂ ಹೂ ಯಾವುದು ಕಳೆ ಯಾವುದು ಗೊತ್ತಾಗಲ್ಲ."

ಶ್ಯಾಮಲ ತಟ್ಟೆಯನ್ನು ಎದೆಗೊತ್ತಿಕೊಂಡಳು.

ಅವನು ಒಳಗಿದ್ದ ರಾಮಲಕ್ಷ್ಮಮ್ಮನಿಗೂ ಕೇಳುವಂತೆ ದನಿಯೆತ್ತಿದ. "ಅತ್ತೆ, ಹೊಟ್ಟೆ ಹಸೀತಿದೆ. ಇವತ್ತು ಊಟ ಮಾಡ್ಕೊಂಡೇ ಹೋಗ್ತೀನಿ."

ಒಳಗೆ ಚನ್ನರಾಯಪ್ಪ ಗಟ್ಟಿಯಾಗಿ ನಕ್ಕರು. ಮುಳಬಾಗಿಲಿನವರಿಗೆ ಬರಬೇಡಿ ಎನ್ನಲು ಚಪ್ಪಲಿ ಹುಡುಕತೊಡಗಿದರು.

"ಕೈ ತೊಳ್ಕೊಂಡು ಬರ್ತೀನಿ," ಎಂದ ಕದಿರೇಶ.

ಶ್ಯಾಮಲ ದಾರಿಗೆ ಅಡ್ಡ ನಿಂತಳು, ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಹಿತ್ತಿಲಿಗೆ ಮಾತ್ರ ಹೋಗ್ಬೇಡಿ. ನೀರು ನಾನೇ ತರ್ತೀನಿ."