ದೃಷ್ಟಿಬೊಟ್ಟು ಅಳಿಸಲಿಲ್ಲ

“ಇಷ್ಟು ಜೋರ್ ಅಳೋ ಕೂಸಿನ್ನ ಗಲ್ಲಾದ ಮ್ಯಾಲೆ ಕೂಡಿಸಿಕೊಂಡ್ರ ಗಿರಾಕಿ ಹೆಂಗ ಬರ್ತಾರ್ರಿ?”

ಹರಿಣಾಕ್ಷಿ ತಲೆ ಎತ್ತಿ ನೋಡಿದಳು. ಬಿಳಿ ಅಂಗಿಯ ಎತ್ತರದ ಗಂಡಸು, ತುಟಿಯಂಚಿನಲ್ಲಿ ತುಂಟ ನಗು.

“ನೀವು ಬಂದಿದ್ದೀರಲ್ಲ! ಕೂತ್ಕೊಳ್ಳಿ. ದೋಸೆ ತಿಂದಾದ ಮೇಲೆ ಮಗುವಿಗೆ ಬುದ್ಧಿ ಹೇಳಿ ಹೋಗಿ.”

ಶುರುವಾದದ್ದು ಹೀಗೆ. ಎಪ್ಪತ್ನಾಲ್ಕರ ನಾಸಿಕ, ಭಾವ ಸದಾನಂದನ ಉಡುಪಿ ಹೋಟೆಲು. ಅಕ್ಕ ಸುಗುಣಾಳ ಎಳೆಗೂಸು ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಲು ಮಡಚಿ, ಮುಷ್ಟಿ ಬಿಗಿದು ಅಳಲು ಶುರುಮಾಡಿದರೆ ಯಾರ ಸಮಾಧಾನಕ್ಕೂ ಬಗ್ಗುತ್ತಿರಲಿಲ್ಲ. ಓಮದ ನೀರು, ಗ್ರೈಪ್ ವಾಟರ್, ಹೊಟ್ಟೆಗೆ ಇಂಗು, ಎಲ್ಲ ಮುಗಿದಿತ್ತು. ಸುಗುಣಾ ಮಗುವಿನ ಜೊತೆ ತಾನೂ ಅಳುತ್ತಿದ್ದಳು.

ಅವನು ವೈಜನಾಥ, ಭಾಲ್ಕಿ ಕಡೆಯವನು. ಅಮೆರಿಕದಲ್ಲಿ ಕೈರೋಪ್ರ್ಯಾಕ್ಟಿಕ್ ಕಲಿತು ಬಂದಿದ್ದ. ಅಂದರೆ ಬೆನ್ನುಮೂಳೆಯನ್ನು ಕೈಯಿಂದಲೇ ಒತ್ತಿ ಸರಿಮಾಡುವ ವಿದ್ಯೆ.

“ಇಂಥಾ ಅಳುವಿಗೆ ಅಲ್ಲಿ ಕೂಸಿನ ಬೆನ್ನು ಹಗೂರ ಒತ್ತತಾರ್ರಿ. ಕರಕೊಂಡು ಬರ್ರಿ, ನಾ ಸರಿಮಾಡ್ತೀನಿ.”

“ನೋವಾಗುದಿಲ್ವಾ?”

“ನನ್ನ ಕೈ ನೋಡ್ರಿ,” ಎಂದು ಅಂಗೈ ಚಾಚಿದ. ಆಮೇಲೆ ಅವಳ ಕಣ್ಣನ್ನೇ ನೋಡುತ್ತ, “ನಂಬ್ರಿ,” ಎಂದ. ಹುಡುಗಿ ನಂಬಿಬಿಟ್ಟಳು.

ನಂಬಿದ್ದಷ್ಟೇ ಅಲ್ಲ, ಊರಿನ ಕನ್ನಡದ ಮನೆಗಳಿಗೆಲ್ಲ ಹೋಗಿ ಅಳುವ ಮಕ್ಕಳ ತಾಯಂದಿರನ್ನು ಒಪ್ಪಿಸಿದಳು. ಬೀದರಿನ ಮಲ್ಲಮ್ಮ ಹಿಂದೆಮುಂದೆ ನೋಡಿದಾಗ, “ನಾನಿದ್ದೇನಲ್ಲ, ನನ್ನ ಮಾತಿನ ಮೇಲೆ ಬನ್ನಿ,” ಎಂದಳು. ದಿನಾ ಮಧ್ಯಾಹ್ನ ಅವನು ಬಾಡಿಗೆಗೆ ಹಿಡಿದಿದ್ದ ಕೋಣೆಗೆ ಸಹಾಯಕ್ಕೆ ಹೋಗತೊಡಗಿದಳು. ತಾಯಂದಿರು ಹೊರಗಿನ ಬೆಂಚಿನಲ್ಲಿ; ಮಗುವನ್ನು ಎತ್ತಿ ನೀಲಿ ಪರದೆಯ ಬಳಿ ಅವನ ಕೈಗೆ ಕೊಡುವುದು ಹರಿಣಾಕ್ಷಿಯ ಕೆಲಸ. ಕೊಡುವಾಗ ಬೆರಳು ತಾಕುತ್ತಿತ್ತು. ಮಗುವಿನ ತಲೆಯ ಮೇಲಿಂದ ಅವನೊಮ್ಮೆ ನೋಡುತ್ತಿದ್ದ, ಪರದೆ ಎಳೆಯುತ್ತಿದ್ದ. ಸ್ವಲ್ಪ ಹೊತ್ತಿಗೆ “ಆತ್ರಿ” ಎನ್ನುವ ದನಿ. ಆ ಒಂದು ಮಾತಿಗೆ ಅವಳು ದಿನವಿಡೀ ಕಾಯುತ್ತಿದ್ದಳು, ಪಾಪ.

“ಇದು ಮುಗದ ಮ್ಯಾಲೆ ಔರಂಗಾಬಾದದಾಗ ದವಾಖಾನಿ ತೆಗೀತೀನಿ. ನೀವೂ ಬರ್ತೀರಿ?”

“ಕೆಲಸಕ್ಕಾ?”

“ಮನಿಗಿ.”

ಹರಿಣಾಕ್ಷಿ ಕಿವಿಯವರೆಗೂ ಕೆಂಪಾದಳು. ಆ ಸಂಜೆ ಅವನ ದೋಸೆಗೆ ಮಾತ್ರ ತುಪ್ಪ ಧಾರಾಳವಾಗಿ ಬಿತ್ತು.

ಎಲ್ಲ ಕೆಟ್ಟದ್ದು ಒಂದು ಕಾಡಿಗೆಯ ಬೊಟ್ಟಿನಿಂದ. ಮಗುವಿನ ಬರಿ ಬೆನ್ನನ್ನು ಹೊರಗಿನವರು ನೋಡುತ್ತಾರೆ, ಯಾರ ಕಣ್ಣು ಹೇಗೋ ಎಂದು ಸುಗುಣಾ ಒಂದು ದಿನ ಬೆನ್ನುಮೂಳೆಯ ಮೇಲೆಯೇ ದೃಷ್ಟಿಬೊಟ್ಟು ಇಟ್ಟು ಕಳಿಸಿದಳು. ಹರಳೆಣ್ಣೆಯಲ್ಲಿ ಕಲಸಿದ ಹಸಿ ಕಾಡಿಗೆ, ಬೆರಳಿಟ್ಟು ಒತ್ತಿದರೆ ಸಾಕು ಹರಡುವಂಥದ್ದು. ಸಂಜೆ ಮಗುವಿನ ಸಡಿಲ ಅಂಗಿ ಬಿಚ್ಚಿದಾಗ ಬೊಟ್ಟು ಇಟ್ಟ ಹಾಗೇ ದುಂಡಗಿತ್ತು.

ಹರಿಣಾಕ್ಷಿ ಅದರ ಮೇಲೆ ಬೆರಳಿಟ್ಟು ಒತ್ತಿದಳು; ಕಾಡಿಗೆ ಹರಡಿತು. ಮುಂದಿನ ಸಲ ತಾನೇ ಕತ್ತಿನಿಂದ ಸೊಂಟದವರೆಗೆ ಬೊಟ್ಟಿಟ್ಟಳು. ಮಲ್ಲಮ್ಮನ ಮಗುವಿಗೂ ಹಾಗೆಯೇ ಇಟ್ಟಳು. ಮಲ್ಲಮ್ಮನ ಮಗುವಿನ ಬೆನ್ನೆಲ್ಲ ಕಪ್ಪಾಗಿ ಬಂತು. ಅಕ್ಕನ ಮಗುವಿನದು ಒಂದೂ ಅಳಿಸಿರಲಿಲ್ಲ.

“ಅಕ್ಕನ ಮಗುವಿನ ಬೆನ್ನು ನೀವು ಮುಟ್ಟಲೇ ಇಲ್ಲ,” ಎಂದಳು, ತಾಯಂದಿರು ಹೋದ ಮೇಲೆ.

ಅವನು ಕೈ ಒರೆಸಿಕೊಂಡ. “ಹೌದ್ರಿ.”

“ಯಾಕೆ?”

“ಇದು ಪರೀಕ್ಷಾರಿ. ಒಂದೊಂದು ಕೂಸಿಗಿ ನಾಣ್ಯ ಎಸದೀನಿ. ಅರ್ಧ ಕೂಸುಗಳಿಗೆ ಬೆನ್ನು ಒತ್ತೀನಿ. ಉಳದವನ್ನ ಅಷ್ಟೇ ಹೊತ್ತು ತೊಡಿ ಮ್ಯಾಲೆ ಬೋರಲ ಹಿಡಕೊಂಡು ಕುಂತೀನಿ. ಯಾವ ಕೂಸಿಗಿ ಏನು ಅಂತ ತಾಯಂದ್ರಿಗಿ ಗೊತ್ತಾದ್ರ ಅವರು ಹೇಳೋದು ಖರೇ ಇರಂಗಿಲ್ಲ. ನಿಮಗ ಹೇಳಿದ್ರ ನಿಮ್ಮ ಮಾರಿ ನೋಡೇ ಅವರಿಗಿ ತಿಳೀತಿತ್ತು.”

“ಪರೀಕ್ಷೆ ಅಂತಲೂ ಹೇಳ್ಲಿಲ್ಲ! ಸರಿಮಾಡ್ತೀನಿ ಅಂದ್ರಿ. ನಂಬಿ ಅಂದ್ರಿ. ನಾನದನ್ನ ಮನೆಮನೆಗೆ ಹೋಗಿ ಹೇಳಿದೆ ಮಾರಾಯ್ರೆ! ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಿ.”

“ಹೇಳಿದ್ರ ಯಾರೂ ಬರ್ತಿರ್ಲಿಲ್ರಿ.”

“ಬೇಡ ಅನ್ನುವ ಹಕ್ಕು ಅವರಿಗಿತ್ತು.”

ವೈಜನಾಥ ಕುರ್ಚಿಯಲ್ಲಿ ಕುಸಿದು ಕೂತ. “ಒತ್ತಿದ ಕೂಸು, ಒತ್ತದ ಕೂಸು, ಎಲ್ಲಾವುದರ ಅಳುವೂ ಒಂದೇ ನಮೂನಿ ಕಡಿಮಿ ಆಗ್ಯಾದ. ಬೆಳದಂಗ ತಾನೇ ನಿಲ್ತದ ಅಂತ ಕಾಣ್ತದ. ನನ್ನ ವಿದ್ಯಾದಿಂದ ಏನೂ ಆಗಿಲ್ರಿ.”

ಅವಳಿಗೆ ಅಯ್ಯೋ ಅನ್ನಿಸಿತು. ಹಾಗನ್ನಿಸಿದ್ದಕ್ಕೇ ಸಿಟ್ಟು ಇನ್ನಷ್ಟು ಏರಿತು.

“ಮನೆಗೆ ಬನ್ನಿ ಅಂದ್ರಲ್ಲ, ಅದಕ್ಕೂ ನಾಣ್ಯ ಎಸೆದ್ರಾ?”

“ಅದೊಂದಕ್ಕ ಎಸೀಲಿಲ್ರಿ.” ಅವನ ಕಣ್ಣು ತುಂಬಿತ್ತು. ಅವಳು ಈಗ ಅದನ್ನು ಹೇಗೆ ನಂಬಬೇಕು? ಇದೇ ಕಣ್ಣುಗಳು ಪರದೆಯ ಬಳಿ ಅಷ್ಟು ದಿನ ಅವಳನ್ನು ನೋಡಿ ನಕ್ಕಿದ್ದವು.

ಪ್ರತಿಯೊಂದು ಮನೆಗೂ ಹೋಗಿ ನೀವೇ ನಿಜ ಹೇಳಬೇಕು ಎಂದು ಹಟ ಹಿಡಿದಳು. ಅವನು ಹೋದ. ಮಲ್ಲಮ್ಮ ಬಾಯಿಗೆ ಬಂದಂತೆ ಬೈದಳು. ಸುಗುಣಾ ಬೈಯಲಿಲ್ಲ. “ನನ್ನ ಮಗು ಅಳುವಾಗ ಒತ್ತಿದ್ರೆ ಗುಣ ಆಗ್ತದೆ ಅಂತ್ಲೇ ನೀವಂದ್ಕೊಂಡಿದ್ರಿ. ಆದ್ರೂ ಸುಮ್ನೆ ಹಿಡ್ಕೊಂಡು ಕೂತ್ರಿ, ಅಲ್ವಾ?” ಎಂದು ಕೇಳಿ ಬಾಗಿಲು ಹಾಕಿಕೊಂಡಳು. ತಂಗಿಯ ಜೊತೆಗೂ ಅಂದು ಮುಖ ಕೊಟ್ಟು ಮಾತಾಡಲಿಲ್ಲ.

ಔರಂಗಾಬಾದಿನ ಕೆಂಪು ಬಸ್ಸು ಸ್ಟ್ಯಾಂಡಿನಲ್ಲಿ ಗುರುಗುಡುತ್ತಿತ್ತು. ಹರಿಣಾಕ್ಷಿ ಯಾಕೆ ಬಂದಳೋ ಅವಳಿಗೇ ಗೊತ್ತಿರಲಿಲ್ಲ. ಅವನು ಕಿಟಕಿಯಿಂದ ಬಾಗಿ, “ನೀವು ಬರ್ತೀರಿ, ಹರಿಣಾಕ್ಷಿ?” ಎಂದ.

ಬರ್ತೇನೆ ಎಂದು ಸುಳ್ಳು ಹೇಳಿಬಿಡೋಣವೇ ಅನ್ನಿಸಿತು. ಅಲ್ಲಿ ನಾಸಿಕದ ಬಸ್ಸು ಬಂದಾಗಲೆಲ್ಲ ಇವನು ಓಡಿ ಬಂದು ನೋಡಲಿ. ನಂಬಿ ಕಾಯುವುದೆಂದರೆ ಏನೆಂದು ತಿಳಿಯಲಿ. ಮಾತು ನಾಲಗೆಯ ತುದಿಗೇ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

“ಬರುದಿಲ್ಲ. ನೀವಂದ್ರೆ ನನಗೆ ತುಂಬ ಪ್ರೀತಿ. ಆದ್ರೂ ಬರುದಿಲ್ಲ. ಇದನ್ನ ನಿಮ್ಮಿಂದ ಮುಚ್ಚಿಡುದಿಲ್ಲ.”

ಅವನು ಕಿಟಕಿಯಿಂದ ಕೈ ಚಾಚಿದ. ಅವಳು ಅದನ್ನು ಒಮ್ಮೆ ಹಿಡಿದು ಬಿಟ್ಟಳು. ಬಸ್ಸು ತಿರುವು ದಾಟುವವರೆಗೆ ನಿಂತಿದ್ದು, ಆಮೇಲೆ ಹೋಟೆಲಿನ ಕಡೆ ನಡೆದಳು. ದೀಪ ಹಚ್ಚುವ ಹೊತ್ತು. ಗಲ್ಲಾದ ಮೇಲೆ ಮಗು ಕೈಕಾಲು ಬಡಿದು ನಗುತ್ತಿತ್ತು. ಅಂದು ಅತ್ತವಳು ಅವಳೊಬ್ಬಳೇ.